ದೆವ್ವ ಕುಣಿದರೆ ಸರಿ, ಚಿತ್ರವೇ ಕುಣಿದರೆ? ಹಳೆ ಹಾರರ್ ಕ್ಯಾಸೆಟ್‌ಗಳ ದೋಷ ನಿವಾರಣೆ

ಎಂಬತ್ತರ ದಶಕದಲ್ಲಿ ಮುಂಬೈಯಲ್ಲಿ ಕಡಿಮೆ ದುಡ್ಡಿನ ದೆವ್ವದ ಚಿತ್ರಗಳದ್ದೇ ಒಂದು ಸುಗ್ಗಿ. ದಾರಿ ಹಾಕಿಕೊಟ್ಟವರು ರಾಮ್ಸೆ ಸಹೋದರರು. ಬೆನ್ನಿಗೇ ಮೋಹನ್ ಭಾಕ್ರಿ, ವಿನೋದ್ ತಲ್ವಾರ್ ಮುಂತಾದವರು ಬಂದರು. ರಬ್ಬರ್ ಮುಖವಾಡ, ಹೊಗೆ, ಪಾಳುಬಿದ್ದ ಹವೇಲಿ, ಸುಮ್ ಸುಮ್ನೆ ಒಂದು ಸ್ನಾನದ ದೃಶ್ಯ, ನಡುನಡುವೆ ಕಥೆಗೆ ಸಂಬಂಧವೇ ಇಲ್ಲದ ಕಾಮಿಡಿ. ಭಾನುವಾರ ರಾತ್ರಿ ನಮ್ಮವರ, ಅಂದರೆ ಮುಂಬೈ ಕನ್ನಡಿಗರ, ಹೋಟೆಲುಗಳ ಮೇಲಿನ ಅಟ್ಟದಲ್ಲಿ, ಡೊಂಬಿವಲಿ-ಗೋರೆಗಾಂವ್‌ನ ಚಾಳುಗಳಲ್ಲಿ ಬಾಡಿಗೆ ವಿಸಿಆರ್ (ವಿಡಿಯೊ ಕ್ಯಾಸೆಟ್ ಓಡಿಸುವ ಮೆಷಿನ್) ತಂದು ನೋಡುತ್ತಿದ್ದದ್ದು ಇವನ್ನೇ. ಇಂಥ ಎಷ್ಟೋ ಚಿತ್ರಗಳು ಇವತ್ತು ಕೈಗೆ ಸಿಗುವುದು ಹಳೆ ಕ್ಯಾಸೆಟ್ ಅಥವಾ ವಿಸಿಡಿಯಲ್ಲಿ ಮಾತ್ರ. ಹಾಗಾಗಿ ಮನೆಯ ಕಪಾಟಿನಲ್ಲಿ ಒಂದು ಕ್ಯಾಸೆಟ್ ಸಿಕ್ಕರೆ ಅದನ್ನು ಕಂಪ್ಯೂಟರಿಗೆ ಇಳಿಸುವ ಮೊದಲು ಸ್ವಲ್ಪ ತಾಳ್ಮೆ ಬೇಕು.

ಯಾವ ದೋಷವನ್ನೂ ಸರಿ ಮಾಡಲು ಹೊರಡುವ ಮೊದಲು ಅದು ಎಲ್ಲಿ ಕೂತಿದೆ ಅಂತ ಹುಡುಕಿ. ಶೂಟಿಂಗ್‌ನಲ್ಲೇ ಆದದ್ದೇ? ಥಿಯೇಟರಿನಲ್ಲಿ ಓಡಿಸಿದ ಫಿಲ್ಮ್ ಪ್ರತಿಯದ್ದೇ, ಅಂದರೆ ಪ್ರಿಂಟಿನದ್ದೇ? ಟೇಪಿನದ್ದೇ, ಮೆಷಿನ್ನಿನದ್ದೇ, ಕೇಬಲ್ಲಿನದ್ದೇ, ಕಂಪ್ಯೂಟರಿನದ್ದೇ? ಇದಕ್ಕೆ ಕಾಸು ಖರ್ಚಿಲ್ಲದ ಎರಡು ಪರೀಕ್ಷೆಗಳಿವೆ.

ಒಂದು: ದೋಷ ಕಂಡ ಜಾಗಕ್ಕೆ ರಿವೈಂಡ್ ಮಾಡಿ ಮತ್ತೆ ನೋಡಿ. ಅದೇ ಜಾಗದಲ್ಲಿ ಅದೇ ಥರ ಬಂದರೆ ಟೇಪಿನದ್ದು ಅಥವಾ ಅದಕ್ಕೂ ಹಿಂದಿನದ್ದು. ಬೇರೆ ಬೇರೆ ಕಡೆ ಬಂದರೆ ಮೆಷಿನ್, ಕೇಬಲ್ ಅಥವಾ ಕಂಪ್ಯೂಟರಿನದ್ದು.

ಎರಡು: ವಿಡಿಯೊ ಕಂಪನಿಯ ಲೋಗೊ ನೋಡಿ. ಆಗಿನ ಕ್ಯಾಸೆಟ್‌ಗಳಲ್ಲಿ ಮೂಲೆಯಲ್ಲಿ ಲೋಗೊ, ಕೆಳಗೆ ಸೀರೆ ಅಂಗಡಿಯದ್ದೋ ಪಾನ್ ಮಸಾಲೆಯದ್ದೋ ಜಾಹೀರಾತು ಓಡುತ್ತಿತ್ತು ಅಲ್ವಾ? ಆಗ ಎಲ್ಲರೂ ಬೈದದ್ದೇ. ಈಗ ಅದು ನಮ್ಮ ಕೈಗೆ ಸಿಕ್ಕ ಅಳತೆಗೋಲು. ಪ್ರಿಂಟನ್ನು ವಿಡಿಯೊಗೆ ಇಳಿಸಿದ ಮೇಲೆ ಹಾಕಿದ್ದು ಅದು. ಲೋಗೊ ಗಟ್ಟಿಯಾಗಿ ನಿಂತು ಹಿಂದಿನ ಚಿತ್ರ ಮಾತ್ರ ಅಲುಗಾಡಿದರೆ ಪ್ರಿಂಟಿನ ದೋಷ. ಲೋಗೊ ಸಮೇತ ನಡುಗಿದರೆ ಟೇಪ್ ಅಥವಾ ಅದರ ಮುಂದಿನ ಯಾವುದೋ ಒಂದು.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಾಣುತ್ತಿದೆ

ಮುಂಬೈಯ ಮಳೆಗಾಲ ಕಂಡ ಯಾವ ಕ್ಯಾಸೆಟ್ಟನ್ನೂ ನೇರವಾಗಿ ಮೆಷಿನ್ನಿಗೆ ತುರುಕಬೇಡಿ. ಕಿಟಕಿಯ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಒಳ್ಳೆಯ ಟೇಪಿನ ಸುರುಳಿ ಕಡುಕಪ್ಪಾಗಿ, ನುಣ್ಣಗೆ ಹೊಳೆಯುತ್ತದೆ. ಬೂಷ್ಟು ಹಿಡಿದದ್ದರಲ್ಲಿ ಸುರುಳಿಯ ಅಂಚಿನ ಮೇಲೆ ಬಿಳಿ ಎಳೆಗಳು, ಚುಕ್ಕೆಗಳು, ಕೆಲವೊಮ್ಮೆ ಜೇಡರ ಬಲೆಯಂಥ ತೆಳು ಪದರ ಕಾಣುತ್ತದೆ. ಧೂಳಾದರೆ ಪ್ಲಾಸ್ಟಿಕ್ ಕಿಟಕಿಯ ಮೇಲಿರುತ್ತದೆ, ಒರೆಸಿದರೆ ಹೋಗುತ್ತದೆ. ಬೂಷ್ಟು ಒಳಗಿರುತ್ತದೆ.

ಬೂಷ್ಟು ಇದ್ದರೆ ಅಲ್ಲಿಗೆ ನಿಲ್ಲಿಸಿ. ಆ ಕ್ಯಾಸೆಟ್ಟನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಉಳಿದವುಗಳಿಂದ ದೂರ ಇಡಿ. ಒಮ್ಮೆ ಪ್ಲೇ ಮಾಡಿದರೆ ಟೇಪ್ ಓದುವ ಹೆಡ್‌ಗೆ, ರೋಲರ್‌ಗೆ ಬೂಷ್ಟು ಅಂಟುತ್ತದೆ. ಆಮೇಲೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಹತ್ತುತ್ತದೆ. ಮನುಷ್ಯರಿಗೂ ಒಳ್ಳೆಯದಲ್ಲ. ಮುಟ್ಟುವಾಗ ಎನ್95 ಮಾಸ್ಕ್, ಕೈಗವಸು ಬೇಕು. ಗಾಳಿಯಾಡುವ ಜಾಗವೂ ಬೇಕು. ದಮ್ಮು ಇರುವವರು, ಮಕ್ಕಳು ಹತ್ತಿರ ಸುಳಿಯಬಾರದು.

ಇದು ಚಿತ್ರದ ಒಂದೇ ಪ್ರತಿ ಅಂತ ಅನುಮಾನ ಇದ್ದರೂ ಸಾಕು, ಮನೆಯಲ್ಲಿ ಪ್ರಯೋಗ ಬೇಡ. ಟೇಪ್ ಶುಚಿ ಮಾಡುವ ಮೆಷಿನ್ ಇರುವ ಲ್ಯಾಬಿಗೆ ಕೊಡಿ. ಇನ್ನೊಂದು ಪ್ರತಿ ಇದೆ, ಹೋದರೂ ಬೇಜಾರಿಲ್ಲ ಅನ್ನುವವರು ಹೀಗೆ ಮಾಡಬಹುದು. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ಒಣಗಿಸಿ. ಕೆಳಗಿನ 5 ಸ್ಕ್ರೂ ಬಿಚ್ಚಿ, ಸುರುಳಿಯ ಅಂಚನ್ನು ನೂಲು ಬಿಡದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಸುರುಳಿಗಳನ್ನು ಬೇರೆ ಚೊಕ್ಕ ಡಬ್ಬಿಗೆ ಬದಲಿಸಿ. ಬಿಚ್ಚುವ ಮೊದಲೇ ಟೇಪ್ ಹೋಗುವ ದಾರಿಯ ಫೋಟೊ ತೆಗೆದುಕೊಳ್ಳಿ. ಆಮೇಲೆ ಕೆಟ್ಟರೂ ಪರವಾಗಿಲ್ಲ ಅನ್ನುವ ಮೆಷಿನ್ನಿನಲ್ಲೇ ಹಾಕಿ, ಮುಗಿದ ಕೂಡಲೇ ಹೆಡ್ ಶುಚಿ ಮಾಡಿ.

ಬೂಷ್ಟು ಇಲ್ಲದ ಕ್ಯಾಸೆಟ್ಟಿಗೂ ಒಂದು ಕೆಲಸ ಇದೆ. ಬೆನ್ನಿನ ಬದಿಯ ರೆಕಾರ್ಡಿಂಗ್ ಚಿಪ್ಪು ಮುರಿದಿದೆಯಾ ನೋಡಿ. ಇಲ್ಲದಿದ್ದರೆ ಈಗಲೇ ಮುರಿಯಿರಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೆ ಹೋದದ್ದು ಹೋಯಿತು. ಅನಂತರ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಕೂತ ಟೇಪು ಸಡಿಲಾಗುತ್ತದೆ.

ಪರದೆ ತುಂಬ ಚುಕ್ಕೆ, ಆದರೆ ಮಾತು ಸ್ಪಷ್ಟವಾಗಿ ಕೇಳುತ್ತಿದೆ

ಇದು ಅತಿ ಸಾಮಾನ್ಯ ದೂರು. ಅರ್ಥವೂ ಸುಲಭ. ಚಿತ್ರ ಓದುವುದು ತಿರುಗುವ ಡ್ರಮ್ಮಿನ ಹೆಡ್‌ಗಳು, ಸಾದಾ ಧ್ವನಿ ಓದುವುದು ಬದಿಯಲ್ಲಿ ನಿಂತಿರುವ ಬೇರೆ ಹೆಡ್. ಧ್ವನಿ ಸರಿ, ಚಿತ್ರ ಮಾತ್ರ ಹೋಗಿದೆ ಅಂದರೆ ವಿಡಿಯೊ ಹೆಡ್ ಕೊಳೆಯಾಗಿದೆ. ಬೇರೊಂದು ಒಳ್ಳೆಯ ಕ್ಯಾಸೆಟ್ ಹಾಕಿ ನೋಡಿ. ಅದರಲ್ಲೂ ಚುಕ್ಕೆ ಬಂದರೆ ಅನುಮಾನವೇ ಬೇಡ.

ಮೊದಲು ಒಣ ಕ್ಲೀನಿಂಗ್ ಕ್ಯಾಸೆಟ್ ಸಿಕ್ಕರೆ ಕೆಲವೇ ಸೆಕೆಂಡ್ ಓಡಿಸಿ. ಜಾಸ್ತಿ ಓಡಿಸಿದರೆ ಹೆಡ್ಡೇ ಸವೆಯುತ್ತದೆ. ಅದರಿಂದ ಆಗದಿದ್ದರೆ ಕೈಯಿಂದ ಶುಚಿ ಮಾಡಬೇಕು.

ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆಯಿರಿ. ನಡುವೆ ಸ್ವಲ್ಪ ಓರೆಯಾಗಿ ಕೂತ ಹೊಳೆಯುವ ಲೋಹದ ಉರುಟೇ ಡ್ರಮ್. ಪಾಲ್ (ನಮ್ಮಲ್ಲಿ ಬಳಸುತ್ತಿದ್ದ ವಿಡಿಯೊ ಪದ್ಧತಿ) ಮೆಷಿನ್ನಿನಲ್ಲಿ ಇದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರೆ ಅದರ ನಡುವಿನ ಗೆರೆಯ ಹತ್ತಿರ ಸಣ್ಣ ಕಿಂಡಿಗಳು, ಪ್ರತಿ ಕಿಂಡಿಯಲ್ಲಿ ಕೂದಲಷ್ಟು ಹೊರಗೆ ಇಣುಕುವ ಕಪ್ಪು ಚೂರು ಕಾಣುತ್ತದೆ. ಅದೇ ಹೆಡ್. ಬಲು ನಾಜೂಕು. ಬಿಳಿ ಹಾಳೆಯ ಒಂದು ಪಟ್ಟಿಯನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ, ಡ್ರಮ್ಮಿನ ಬದಿಗೆ ಚಪ್ಪಟೆಯಾಗಿ ಹಿಡಿಯಿರಿ. ಹಾಳೆ ಹಿಡಿದ ಕೈ ಅಲುಗಬಾರದು. ಇನ್ನೊಂದು ಕೈಯಿಂದ ಡ್ರಮ್ಮಿನ ಮೇಲ್ತುದಿ ಹಿಡಿದು ಅದನ್ನೇ ತಿರುಗಿಸಿ. ಹಾಳೆಯ ಮೇಲೆ ಕಂದು ಗೆರೆ ಮೂಡುತ್ತದೆ. ಹೊಸ ಹಾಳೆ ತೆಗೆದುಕೊಂಡು ಗೆರೆ ಬರುವುದು ನಿಲ್ಲುವವರೆಗೆ ಮಾಡಿ. ಮೇಲೆ-ಕೆಳಗೆ ಒರೆಸಿದರೆ ಹೆಡ್ ಮುರಿಯಿತು ಅಂತಲೇ ಲೆಕ್ಕ. ಮುಂಬೈಯ ಎಲೆಕ್ಟ್ರಾನಿಕ್ಸ್ ಬೀದಿ ಲ್ಯಾಮಿಂಗ್ಟನ್ ರೋಡಿನ ನಮ್ಮೂರ ಕಡೆಯ ಹಳೆ ಮೆಕ್ಯಾನಿಕ್ ಒಬ್ಬರು ಯಾರು ಬಂದರೂ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: "ಹತ್ತಿಕಡ್ಡಿ ಮಾತ್ರ ಮುಟ್ಟಿಸಬೇಡ ಮಾರಾಯ." ಹತ್ತಿಯ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಹೆಡ್ಡೇ ಬರುತ್ತದೆ. ಧ್ವನಿಯ ಹೆಡ್ಡಿಗೆ, ರೋಲರಿಗೆ ಹತ್ತಿಕಡ್ಡಿ ಆದೀತು. ಅರ್ಧ ಗಂಟೆ ಆರಲು ಬಿಟ್ಟು ಆಮೇಲೆ ಪ್ಲಗ್ ಹಾಕಿ.

ಎಚ್ಚರಿಕೆ: 230 ವೋಲ್ಟ್ ಬರುವ ಪವರ್ ಸಪ್ಲೈ ಕಡೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ಸುಟ್ಟ ವಾಸನೆ, ಉಬ್ಬಿದ ಕೆಪಾಸಿಟರ್ ಕಂಡರೆ ಮುಚ್ಚಳ ಮುಚ್ಚಿ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಮೆಷಿನ್ ಬರುತ್ತಿಲ್ಲ. ಇರುವುದನ್ನು ಸುಡಬೇಡಿ.

ಮಳೆಗಾಲದಲ್ಲಿ ಮೆಷಿನ್ ಆನ್ ಆಗಿಯೂ ಕ್ಯಾಸೆಟ್ ತೆಗೆದುಕೊಳ್ಳದಿದ್ದರೆ 'ಡ್ಯೂ' ದೀಪ ಉರಿಯುತ್ತಿದೆಯಾ ನೋಡಿ. ಡ್ರಮ್ ಮೇಲೆ ತೇವ ಕೂತಿದೆ ಅಂತ ಅರ್ಥ. ಆನ್ ಮಾಡಿ ಒಂದೆರಡು ಗಂಟೆ ಬಿಡಿ.

ಅಡ್ಡ ಪಟ್ಟಿ, ಅಡ್ಡ ಗೀರು, ಉದ್ದ ಗೀರು

ಚುಕ್ಕೆಗಳ ಅಡ್ಡ ಪಟ್ಟಿ ಒಂದು ಕಡೆ ನಿಂತಿದ್ದರೆ ಅಥವಾ ಮೇಲೆ-ಕೆಳಗೆ ಜಾರುತ್ತಿದ್ದರೆ ಮೆಷಿನ್ನಿನ ಟ್ರ್ಯಾಕಿಂಗ್ (ಹೆಡ್ಡನ್ನು ಟೇಪಿನ ಗೆರೆಗೆ ಹೊಂದಿಸುವ) ಬಟನ್ ಒತ್ತಿ. ಹೆಚ್ಚಿನ ಸಲ ಅಷ್ಟೇ ಸಾಕು. ಪರದೆಯ ಕೆಳತುದಿಯಲ್ಲಿ ಕೆಲವೇ ಗೆರೆಯಷ್ಟು ಹರಿದಂತೆ ಕಂಡರೆ ಅದು ದೋಷವೇ ಅಲ್ಲ. ಒಂದು ಹೆಡ್ ಕೆಲಸ ಮುಗಿಸಿ ಇನ್ನೊಂದಕ್ಕೆ ಒಪ್ಪಿಸುವ ಜಾಗ ಅದು. ಹಳೆ ಟಿವಿಗಳಲ್ಲಿ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು, ಕಂಪ್ಯೂಟರ್ ಪೂರ್ತಿ ತೋರಿಸುತ್ತದೆ.

ಮಿಂಚಿ ಮರೆಯಾಗುವ ಚಿಕ್ಕ ಅಡ್ಡ ಬಿಳಿ ಗೀರು ಟೇಪಿನ ಲೇಪ ಉದುರಿದ ಗುರುತು. ದೃಶ್ಯ ಬದಲಾದರೂ ಬಿಡದೆ ಓಡುವ ಉದ್ದ ಗೆರೆ ಥಿಯೇಟರ್ ಪ್ರೊಜೆಕ್ಟರ್ ಕೆರೆದದ್ದು. ಎರಡನೆಯದಕ್ಕೆ ಹೆಡ್ ತೊಳೆದು ಪ್ರಯೋಜನ ಇಲ್ಲ. ಅದು ಲೋಗೊ ಮೇಲೆ ಹಾಯುವುದಿಲ್ಲ, ಗಮನಿಸಿ.

ಚಿತ್ರದ ತಲೆ ಒಂದು ಕಡೆ ವಾಲುತ್ತಿದೆ, ಬೆಳಕು ಏರಿಳಿಯುತ್ತಿದೆ

ದೆವ್ವದ ತಲೆ ಎಡಕ್ಕೆ, ಮುಂಡ ಬಲಕ್ಕೆ. ಈ ಥರದ ಚಿತ್ರದಲ್ಲಿ ಇದು ಬೇಕೆಂದೇ ಮಾಡಿದ್ದೋ ಏನೋ ಅಂತ ಸಂಶಯ ಬಂದರೆ ತಪ್ಪಿಲ್ಲ. ಲೋಗೊ ಮೇಲಿನ ಮೂಲೆಯಲ್ಲಿದ್ದರೆ ಅದೂ ವಾಲಿದೆಯಾ ನೋಡಿ. ವಾಲಿದ್ದರೆ ಟೇಪ್ ಹಿಗ್ಗಿದೆ ಅಥವಾ ಮೆಷಿನ್ನಿನ ಎಳೆತ ಸರಿಯಿಲ್ಲ, ಅದರಿಂದ ಚಿತ್ರ ಕಟ್ಟುವ ಗೆರೆಗಳ ಸಮಯ ತಪ್ಪುತ್ತಿದೆ. ಬೇರೊಂದು ಮೆಷಿನ್ನಿನಲ್ಲಿ ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗ. ಅದರಲ್ಲೂ ಹಾಗೇ ಇದ್ದರೆ ವಿಸಿಆರ್ ಮತ್ತು ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸಾಧನದ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ಸೇರಿಸಿ, ಸಿಗ್ನಲ್ ಅದರ ಮೂಲಕ ಹಾದು ಬರಲಿ. ರೆಕಾರ್ಡ್ ಮಾಡಬೇಕಿಲ್ಲ. ಪ್ಯಾನಾಸೋನಿಕ್‌ನ ಡಿಎಂಆರ್-ಇಎಸ್10, ಇಎಸ್15 ಈ ಕೆಲಸಕ್ಕೇ ಹೆಸರಾದವು. ಗೆರೆಗಳ ಸಮಯ ತಿದ್ದುವ ಟೈಮ್ ಬೇಸ್ ಕರೆಕ್ಟರ್ ಇರುವ ಎಸ್-ವಿಎಚ್‌ಎಸ್ ಮೆಷಿನ್ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಬೆಲೆ ಕೇಳಿದರೆ ನಮ್ಮ ತಲೆಯೂ ವಾಲೀತು. ಒಳಗಿನ ಎಳೆತದ ಸ್ಪ್ರಿಂಗನ್ನು ನೀವೇ ಬಗ್ಗಿಸಲು ಹೋಗಬೇಡಿ.

ಟಿವಿಯಲ್ಲಿ ಚೆನ್ನಾಗಿದ್ದು ಕಂಪ್ಯೂಟರಿನಲ್ಲಿ ಮಾತ್ರ ಬೆಳಕು ಏರಿ ಇಳಿದು ಏರುತ್ತಿದ್ದರೆ ಅದು ನಕಲು ತಡೆಯಲು ಹಾಕಿದ ಮ್ಯಾಕ್ರೊವಿಷನ್ ಇರಬಹುದು. ಮೆಷಿನ್ ಕೆಟ್ಟಿಲ್ಲ, ಬಿಚ್ಚಬೇಡಿ. ಇಲ್ಲಿ ಕಾನೂನಿನ ಮಾತೂ ಇದೆ. ನಮ್ಮಲ್ಲಿ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 1984ರ ಚಿತ್ರಕ್ಕೆ 2044ರ ಕೊನೆಯವರೆಗೂ ಒಡೆಯರಿದ್ದಾರೆ. ಇಂಥ ಬೀಗ ಮುರಿಯುವುದರ ವಿರುದ್ಧ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಕಲಮು ಸೇರಿದೆ. ಕಂಪನಿ ಕ್ಯಾಸೆಟ್ ಆದರೆ ಹಕ್ಕುದಾರರನ್ನು ಕೇಳಿ ಮುಂದುವರಿಯಿರಿ.

ಬಣ್ಣ ಇಲ್ಲ, ಅಥವಾ ಎಲ್ಲವೂ ಗುಲಾಬಿ

ಪೂರ್ತಿ ಕಪ್ಪು-ಬಿಳುಪಾದರೆ ಮೊದಲು ಕ್ಯಾಸೆಟ್ ಎಲ್ಲಿಂದ ಬಂತು ಕೇಳಿ. ಮುಂಬೈಯ ನಮ್ಮವರಲ್ಲಿ ಗಲ್ಫ್ ಕ್ಯಾಸೆಟ್ ಇಲ್ಲದ ಮನೆ ಕಡಿಮೆ. ಸೌದಿಯಲ್ಲಿ ರೆಕಾರ್ಡ್ ಆದದ್ದು ಮಿ-ಸೆಕಾಮ್ ಎಂಬ ಬೇರೆ ವಿಡಿಯೊ ಪದ್ಧತಿಯದ್ದಿದ್ದೀತು. ಪಾಲ್ ಮಾತ್ರ ಬಲ್ಲ ಮೆಷಿನ್ ಅದನ್ನು ಕಪ್ಪು-ಬಿಳುಪಾಗಿ ತೋರಿಸುತ್ತದೆ. ದುಬೈಯದ್ದು ಪಾಲ್, ತೊಂದರೆ ಇಲ್ಲ. ಅಮೆರಿಕದಿಂದ ಬಂದದ್ದು ಇನ್ನೊಂದು ಪದ್ಧತಿ, ಎನ್‌ಟಿಎಸ್‌ಸಿ. ಗಲ್ಫಿನಿಂದ ಬಂದ ಮಲ್ಟಿಸಿಸ್ಟಂ ವಿಸಿಆರ್ ಯಾರದಾದರೂ ಅಟ್ಟದಲ್ಲಿ ಇದ್ದೇ ಇರುತ್ತದೆ, ಕೇಳಿ ತನ್ನಿ. ಕ್ಯಾಪ್ಚರ್ ಸಾಫ್ಟ್‌ವೇರಿನಲ್ಲಿ ಪಾಲ್-ಎನ್‌ಟಿಎಸ್‌ಸಿ ಆಯ್ಕೆ ತಪ್ಪಿದರೂ ಬಣ್ಣ ಹೋಗುತ್ತದೆ. ಅದನ್ನೇ ಮೊದಲು ನೋಡಿ, ಪುಕ್ಕಟೆ.

ಮುಖ, ಗೋಡೆ, ಚಂದ್ರ ಎಲ್ಲ ಗುಲಾಬಿಯಾದರೆ ಮತ್ತೆ ಲೋಗೊ ಕಡೆ ಹೋಗಿ. ಲೋಗೊದ ಬಣ್ಣ ಸರಿಯಿದ್ದರೆ ವಿಡಿಯೊ ಮಾಡುವಾಗಲೇ ಪ್ರಿಂಟ್ ಮಾಸಿತ್ತು. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರಿನ ಬಣ್ಣದ್ರವ್ಯ ಮೊದಲು ಸಾಯುತ್ತದೆ, ಕೆಂಪು ಉಳಿಯುತ್ತದೆ. ಎಡಿಟಿಂಗ್‌ನಲ್ಲಿ ಸ್ವಲ್ಪ ಮಟ್ಟಿಗೆ ತರಬಹುದು. ಲೋಗೊ ಬರುವ ಮೂಲೆಯನ್ನು ಬಿಟ್ಟು ತಿದ್ದಿ, ಇಲ್ಲದಿದ್ದರೆ ಲೋಗೊ ಹಸಿರಾಗುತ್ತದೆ. ಆದರೆ ಹಸಿರು ದೀಪದಲ್ಲಿ ತೆಗೆದ ಸ್ಮಶಾನದ ದೃಶ್ಯವನ್ನೂ, ಹಗಲಲ್ಲೇ ತೆಗೆದು ನೀಲಿ ಫಿಲ್ಟರ್ ಹಾಕಿ ರಾತ್ರಿ ಮಾಡಿದ ದೃಶ್ಯವನ್ನೂ 'ಸರಿ' ಮಾಡಿ ಕೆಡಿಸಬೇಡಿ. ಆ ಚಿತ್ರಗಳ ಮಜವೇ ಅದು.

ಧ್ವನಿ ಗುಂಯ್ ಅನ್ನುತ್ತದೆ, ಅಥವಾ ತುಟಿಗೂ ಮಾತಿಗೂ ತಾಳೆ ಇಲ್ಲ

ಬಿಡದೆ ಗುಂಯ್ಗುಡುವುದು ಸಾಮಾನ್ಯವಾಗಿ 50 ಹರ್ಟ್ಜ್ ಕರೆಂಟಿನ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ನಿಂತರೆ ಅರ್ಥಿಂಗ್ ಗೊಂದಲ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ 'ಉಪಾಯ' ಯಾರು ಹೇಳಿದರೂ ಕೇಳಬೇಡಿ, ಜೀವಕ್ಕೆ ಅಪಾಯ. ಹೈ-ಫೈ ಮೆಷಿನ್ನಿನಲ್ಲಿ ಬರ್‌ಬರ್ ಸದ್ದು ಬಂದರೆ ಧ್ವನಿಯನ್ನು 'ನಾರ್ಮಲ್'ಗೆ ಬದಲಿಸಿ.

ಶುರುವಿನಲ್ಲಿ ಸರಿಯಿದ್ದು ಕೊನೆಗೆ ಮಾತು ಹಿಂದೆ ಬಿದ್ದರೆ ಕಂಪ್ಯೂಟರ್ ನಡುವೆ ಫ್ರೇಮ್ (ಒಂದೊಂದು ಬಿಡಿ ಚಿತ್ರ) ಬಿಟ್ಟಿದೆ. ಸಾಫ್ಟ್‌ವೇರ್ ಬಿಟ್ಟ ಫ್ರೇಮಿನ ಲೆಕ್ಕ ತೋರಿಸುತ್ತದೆ. ಬೇರೆ ಪ್ರೋಗ್ರಾಂ ಮುಚ್ಚಿ, ವೈಫೈ ಆಫ್ ಮಾಡಿ, ಯುಎಸ್‌ಬಿ ಹಬ್ ಬಿಟ್ಟು ನೇರ ಸಿಕ್ಕಿಸಿ. ಶುರುವಿನಿಂದಲೂ ತಾಳೆ ಇಲ್ಲ, ಅದೂ ಒಬ್ಬ ನಟನದ್ದು ಮಾತ್ರ ಅಂದರೆ ಅದು ಡಬ್ಬಿಂಗ್ ಸ್ಟುಡಿಯೊದ ಅವಸರ. ಬಿಟ್ಟುಬಿಡಿ.

ಎಲ್ಲರ ಧ್ವನಿಯೂ ಕೊಂಚ ತೆಳುವಾಗಿ ಕೇಳುತ್ತದೆಯಾ? ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ಪಾಲ್ ವಿಡಿಯೊದಲ್ಲಿ 25ರ ವೇಗದಲ್ಲಿ ಓಡಿಸುತ್ತಾರೆ. 125 ನಿಮಿಷದ ಚಿತ್ರ 120ಕ್ಕೆ ಮುಗಿಯುತ್ತದೆ, ದನಿಯೂ ಏರುತ್ತದೆ.

ಮೆಷಿನ್ ಟೇಪ್ ನುಂಗಿತು

ಎಳೆಯಬೇಡಿ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಟೇಪನ್ನು ರೋಲರುಗಳಿಂದ ಮೆಲ್ಲಗೆ ಬಿಡಿಸಿ. ಕಾರಣ ಹೆಚ್ಚಾಗಿ ಗಟ್ಟಿಯಾದ ರಬ್ಬರ್ ರೋಲರ್ ಅಥವಾ ಸಡಿಲ ಬೆಲ್ಟ್. ಅದು ಮೆಕ್ಯಾನಿಕ್ ಕೆಲಸ. ತುಂಡಾದ ಟೇಪಿಗೆ ಸೆಲ್ಲೊಟೇಪ್ ಹಚ್ಚಬೇಡಿ, ಅಂಟು ಜಾರಿ ಹೆಡ್ಡಿಗೆ ಮೆತ್ತುತ್ತದೆ. ಸ್ಪ್ಲೈಸಿಂಗ್ ಟೇಪೇ ಬೇಕು. ಓಡುವಾಗ ಟೇಪ್ ಕಿರುಚಿದರೆ ಕೂಡಲೇ ನಿಲ್ಲಿಸಿ, ಲೇಪ ಅಂಟಂಟಾಗಿರಬಹುದು. ಅದನ್ನು ಬಿಸಿ ಮಾಡಿ ಸರಿಪಡಿಸುವ ವಿಧಾನ ಇದೆ, ಆದರೆ ಅಡುಗೆಮನೆಯ ಓವನ್ ಅದಕ್ಕಲ್ಲ.

ಕಂಪ್ಯೂಟರಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ

ಓಡುವ ನಾಯಕಿಯ ಸೆರಗಿನ ಅಂಚಿನಲ್ಲಿ ಇದು ಮೊದಲು ಕಾಣುತ್ತದೆ. ಪಾಲ್ ವಿಡಿಯೊದಲ್ಲಿ ಪ್ರತಿ ಫ್ರೇಮ್ ಎರಡು ಅರ್ಧಗಳಾಗಿ (ಫೀಲ್ಡ್) ಬರುತ್ತದೆ. ಕೂಡಲೇ ಡಿಇಂಟರ್ಲೇಸ್ ಮಾಡಿಬಿಡುವುದು, ಅಂದರೆ ಗೆರೆ ಅಳಿಸಲು ಅರ್ಧಗಳನ್ನು ಬೆರೆಸುವುದು, ಎಲ್ಲರ ಚಾಳಿ. ಸ್ವಲ್ಪ ನಿಲ್ಲಿ. ಫಿಲ್ಮಿನಿಂದ ಇಳಿಸಿದ ಚಿತ್ರದಲ್ಲಿ ಎರಡು ಅರ್ಧಗಳೂ ಒಂದೇ ಫ್ರೇಮಿನವು. ಜೋಡಿ ತಪ್ಪಿದ್ದರಿಂದ ಗೆರೆ ಕಾಣುತ್ತಿದೆ ಅಷ್ಟೆ. ಫೀಲ್ಡ್ ಮ್ಯಾಚಿಂಗ್ ಫಿಲ್ಟರ್ ಹಾಕಿದರೆ ಪೂರ್ತಿ ಫ್ರೇಮ್ ಒಂದು ಗೆರೆಯೂ ಕಳೆದುಕೊಳ್ಳದೆ ಮರಳುತ್ತದೆ. ಲೋಗೊ, ಓಡುವ ಜಾಹೀರಾತು ಮಾತ್ರ ನಿಜವಾದ ವಿಡಿಯೊ, ಅದರಲ್ಲಿ ಹಲ್ಲು ಉಳಿಯಬಹುದು. ಉಳಿಯಲಿ. ಇಡೀ ಚಿತ್ರ ಹಿಂದೆ-ಮುಂದೆ ಜಗ್ಗಿದಂತೆ ಕಂಡರೆ ಫೀಲ್ಡ್ ಕ್ರಮ ತಿರುಗಿಸಿ.

ಮುಖಗಳು ಸಣಕಲಾದರೆ 720ಕ್ಕೆ 576ರ ಫೈಲನ್ನು 4:3ಕ್ಕೆ ಹಿಗ್ಗಿಸಿಲ್ಲ. ದಪ್ಪಗಾದರೆ ಟಿವಿ 16:9ಕ್ಕೆ ಎಳೆದಿದೆ.

ಹೊಗೆ ಚೌಕ ಚೌಕವಾಗಿ ಒಡೆದರೆ ಅದು ಫೈಲ್ ಕುಗ್ಗಿಸಿದ ಫಲ. ಮೊದಲ ಪ್ರತಿಯನ್ನು ಹಫ್‌ವೈಯುವಿ, ಎಫ್‌ಎಫ್‌ವಿ1 ಥರದ ಚಿತ್ರ ಕೆಡಿಸದೆ ಫೈಲ್ ಕಟ್ಟುವ, ನಷ್ಟವಿಲ್ಲದ ಕೋಡೆಕ್‌ನಲ್ಲಿ ಇಳಿಸಿ. ಗಂಟೆಗೆ ಸುಮಾರು 30 ಜಿಬಿ ಬೇಕಾದೀತು. ವಿಸಿಡಿಯಲ್ಲೇ ಚೌಕ ಇದ್ದರೆ ಏನೂ ಮಾಡಲಾಗದು: 352ಕ್ಕೆ 288 ಚುಕ್ಕೆಯಲ್ಲಿ ಅಷ್ಟೇ ಹಿಡಿಸಿದ್ದು. ಎಐಯಿಂದ ದೊಡ್ಡದು ಮಾಡಿದರೆ ರಬ್ಬರ್ ಮುಖವಾಡ ಮೇಣದ್ದಾಗುತ್ತದೆ, ನಾಯಕನ ಮುಖವೂ.

ದೃಶ್ಯ ಇದ್ದಕ್ಕಿದ್ದಂತೆ ಹಾರುತ್ತದೆ

ಟೇಪ್ ತುಂಡಾಗಿ ಅಂಟಿಸಿದ್ದರೆ ಆ ಜಾಗದಲ್ಲಿ ಲೋಗೊ ಸಮೇತ ಚಿತ್ರ ಒಮ್ಮೆ ಕುಸಿದು ಏಳುತ್ತದೆ. ಚಿತ್ರ ಹಾರಿ, ಸಂಗೀತವೂ ಕಡಿದು, ಲೋಗೊ ಮಾತ್ರ ಅಲುಗದಿದ್ದರೆ ಪ್ರಿಂಟಿನಲ್ಲೇ ಕತ್ತರಿ ಬಿದ್ದಿದೆ. ಸೆನ್ಸಾರಿನದ್ದೋ, ರೀಲ್ ಕಡಿದಾಗ ಆಪರೇಟರ್ ಜೋಡಿಸಿದ್ದೋ. ಕೊಲೆ, ಸ್ನಾನದ ದೃಶ್ಯಗಳಲ್ಲಿ ಇದು ಜಾಸ್ತಿ. ಬೇರೆ ಕಂಪನಿಯ ಕ್ಯಾಸೆಟ್ಟೋ ವಿಸಿಡಿಯೋ ಸಿಕ್ಕರೆ ಹೋಲಿಸಿ. ಹಳೆ ಸಾಮಾನು ಸಿಗುವ ಚೋರ್ ಬಜಾರಿನಲ್ಲಿ ಒಂದು ಸುತ್ತು ಹಾಕಿ.

ದೆವ್ವದ ಕಥೆ ನಡೆಯುತ್ತಿದ್ದಂತೆ ಬೇರೆಯೇ ಚಿತ್ರ ಶುರುವಾದರೂ ಗಾಬರಿ ಬೇಡ. 1984ರ 'ಪುರಾನಾ ಮಂದಿರ್'ನಲ್ಲಿ ಜಗದೀಪ್ ಮಚ್ಚರ್ ಸಿಂಗ್ ಎಂಬ ಡಕಾಯಿತನಾಗಿ 'ಶೋಲೆ'ಯನ್ನು ಅಣಕಿಸುವ ಭಾಗ ಬಂದಾಗ ಯಾರೋ ಕ್ಯಾಸೆಟ್ ಮೇಲೆ ಬೇರೆ ರೆಕಾರ್ಡ್ ಮಾಡಿದ್ದಾರೆ ಅಂತಲೇ ಅನ್ನಿಸುತ್ತದೆ. ಲೋಗೊ ಮುಂದುವರಿದಿದ್ದರೆ ಅದು ಚಿತ್ರದ್ದೇ ಭಾಗ. ಕತ್ತರಿಸಬೇಡಿ.

ಕ್ಯಾಸೆಟ್ ಹುಡುಕುವಾಗ ಫಿಲ್ಮ್ ಡಬ್ಬಿಯೇ ಸಿಕ್ಕಿತು, ವಿನೆಗರ್ ವಾಸನೆ

ಅಸಿಟೇಟ್ ಫಿಲ್ಮ್ ಕೊಳೆಯುತ್ತಿರುವ ವಾಸನೆ ಅದು. ಕಿಟಕಿ ತೆರೆದು ಡಬ್ಬಿಯನ್ನು ತಂಪಾದ, ಒಣ ಜಾಗದಲ್ಲಿ ಬೇರೆ ಇಡಿ. ಪ್ರೊಜೆಕ್ಟರಿಗೆ ಹಾಕಬೇಡಿ, ಸುತ್ತು ಬಿಚ್ಚಿ ಎಳೆಯಬೇಡಿ. ಐವತ್ತರ ದಶಕಕ್ಕೂ ಹಿಂದಿನ 35 ಎಂಎಂ ರೀಲ್ ಆದರೆ ಅದು ನೈಟ್ರೇಟ್ ಇರಬಹುದು, ಬೇಗ ಬೆಂಕಿ ಹಿಡಿಯುತ್ತದೆ. 2003ರಲ್ಲಿ ಪುಣೆಯಲ್ಲಿ ನೈಟ್ರೇಟ್ ರೀಲುಗಳ ಕೋಣೆಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ಚಿತ್ರಗಳು ಬೂದಿಯಾದವು. ಇಂಥದ್ದನ್ನು ಮನೆಯಲ್ಲಿ ಇಡಬೇಡಿ, ಲೋಕಲ್ ಟ್ರೈನಿನಲ್ಲಂತೂ ಒಯ್ಯಲೇಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ, ಮುಂಬೈಯಲ್ಲಿ 2014ರಲ್ಲಿ ಶುರುವಾದ ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿಗೋ ಮೊದಲು ಫೋನ್ ಮಾಡಿ. ಡಬ್ಬಿಯ ಮೇಲಿನ ಚೀಟಿಯ ಫೋಟೊ, ರೀಲುಗಳ ಸಂಖ್ಯೆ, ವಾಸನೆ ಎಷ್ಟಿದೆ ಅನ್ನುವ ವಿವರ ಕೈಯಲ್ಲಿರಲಿ. ಅವರು ಕೇಳುವುದು ಅದನ್ನೇ.